ಜೋಳ ತರಲು ಹೋದ ಅಜ್ಜಿ

ದುಡಿಮೆಯ ಗಡಿಬಿಡಿಯಲ್ಲಿ ಪ್ರಾರ್ಥನೆಗೆ ಸಮಯ ಕೊಡುವುದು ಹೇಗೆ ಅನ್ನುವ ವಿಷಯದ ಮೇಲೆ ಮಾತಾಡಬೇಕು ಅಂತ ನಿಮ್ಮ ಚರ್ಚಿನ ಸ್ತ್ರೀಯರ ಸಂಘದವರು ಫೋನ್ ಮಾಡಿದಾಗ ನನಗೆ ನಗು ಬಂತು. 34 ವರ್ಷ ನರ್ಸ್ ಆಗಿ ದುಡಿದವಳನ್ನು ಕರೆದು "ದೇವರಿಗೆ ಸಮಯ ಕೊಡೋದು ಹೆಂಗ ಅಂತ ಹೇಳ್ರಿ" ಅನ್ನುವುದು, ಉಪವಾಸ ಇದ್ದವರನ್ನು ಕರೆದು ಹೋಳಿಗೆ ಊಟದ ಬಗ್ಗೆ ಭಾಷಣ ಮಾಡಿಸಿದ ಹಾಗೆ. ನನ್ನ ಹತ್ತಿರ ಇಲ್ಲದೇ ಇದ್ದದ್ದೇ ಅದು.

ಇವತ್ತು ಮುಂಜಾನೆ ಯಾರ್ಯಾರು ಪ್ರಾರ್ಥನೆ ಮಾಡಿ ಬಂದಿದ್ದೀರಿ, ಕೈ ಎತ್ತಿ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಅರ್ಧ ಜನ ಸುಳ್ಳು ಹೇಳಬೇಕಾಗುತ್ತದೆ. ಅದೂ ದೇವಾಲಯದೊಳಗೆ ಕೂತು.

ನಮ್ಮ ಪಾಳಿ ಹೀಗಿತ್ತು. ಒಂದು ವಾರ ಮುಂಜಾನೆ ಏಳರಿಂದ ಎರಡು. ಇನ್ನೊಂದು ವಾರ ಎರಡರಿಂದ ರಾತ್ರಿ ಒಂಬತ್ತು. ಆಮೇಲೆ ನೈಟ್ ಡ್ಯೂಟಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಇದೇ. ಭಾನುವಾರ ರಜೆ ಸಿಕ್ಕರೆ ದೇವಾಲಯಕ್ಕೆ ಬರುತ್ತಿದ್ದೆ. ಬಂದರೆ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಏನು ಹೇಳುತ್ತಿದ್ದರು? "ಮುಂಜಾನೆ ನಾಲ್ಕಕ್ಕೆ ಎದ್ದು ಕರ್ತನ ಸನ್ನಿಧಿಯಲ್ಲಿ ಕೂತುಕೊಳ್ಳಿ." ಮುಂಜಾನೆ ನಾಲ್ಕಕ್ಕೆ ನಾನು ಎದ್ದೇ ಇರುತ್ತಿದ್ದೆ ಸ್ವಾಮಿ! 28 ಹಾಸಿಗೆಯ ವಾರ್ಡಿನಲ್ಲಿ ಟೆಂಪರೇಚರ್ ನೋಡುತ್ತಾ, ಯೂರಿನ್ ಬ್ಯಾಗ್ ಖಾಲಿ ಮಾಡುತ್ತಾ, ಆಪರೇಷನ್ನಿಗೆ ಹೋಗುವವರನ್ನು ತಯಾರು ಮಾಡುತ್ತಾ. ಆ ಪ್ರಸಂಗ ಕೇಳಿ ಮನೆಗೆ ಹೋಗುವಾಗ ಒಂದೇ ಅನಿಸುತ್ತಿತ್ತು: ನಾನು ಎರಡನೇ ದರ್ಜೆ ಕ್ರೈಸ್ತಳು. ಬೆಳಗಿನ ಹೊತ್ತು ಇರುವವರು ಮೊದಲನೇ ದರ್ಜೆ.

ನಾಲ್ಕು ಗಂಟೆಯ ಪ್ರಸಂಗಕ್ಕೆ ಯಾವಾಗಲೂ ಮಾರ್ಕನ ಸುವಾರ್ತೆಯ ಒಂದನೇ ಅಧ್ಯಾಯವನ್ನೇ ಓದುತ್ತಿದ್ದರು. 35ನೇ ವಚನ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಊರ ಹೊರಗೆ ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಒಂದು ದಿನ ನೈಟ್ ಡ್ಯೂಟಿಯಲ್ಲಿ ಆ ಅಧ್ಯಾಯವನ್ನು ಮೊದಲಿಂದ ಓದಿದೆ. ಹಿಂದಿನ ದಿನ ಏನಾಗಿತ್ತು ನೋಡಿ. ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಕಪೆರ್ನೌಮ್ ಊರು. ಸಭಾಮಂದಿರದಲ್ಲಿ ಬೋಧನೆ, ಅಲ್ಲೇ ಒಬ್ಬನಿಗೆ ದೆವ್ವ ಬಿಡಿಸಿದರು. ಅಲ್ಲಿಂದ ಶಿಷ್ಯ ಸೀಮೋನನ ಮನೆ, ಅವನ ಅತ್ತೆಗೆ ಜ್ವರ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಿಗೆ ಬಂತು. ಹೊತ್ತು ಮುಳುಗಿದ ಮೇಲೆ ಯಾಕೆ? ಸಬ್ಬತ್ ಮುಗಿಯುವುದೇ ಸೂರ್ಯ ಮುಳುಗಿದಾಗ. ಅಲ್ಲಿವರೆಗೆ ರೋಗಿಗಳನ್ನು ಹೊತ್ತು ತರುವ ಹಾಗಿರಲಿಲ್ಲ. ಅಂದರೆ ಅವರ ಓಪಿಡಿ ಶುರುವಾದದ್ದೇ ರಾತ್ರಿ!

ನನಗೆ ಹಿಡಿಸಿದ್ದು ಅದಕ್ಕಿಂತ ಮುಂದಿನ ಮಾತು. ಬೆಳಿಗ್ಗೆ ಸೀಮೋನ ಮತ್ತು ಜೊತೆಯವರು ಹುಡುಕಿಕೊಂಡು ಹೋಗುತ್ತಾರೆ. "ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ" ಅನ್ನುತ್ತಾರೆ. ಅಂದರೆ ಕ್ಯೂ ಇನ್ನೂ ನಿಂತಿತ್ತು. ಕೆಲಸ ಮುಗಿದಿರಲಿಲ್ಲ. ಯೇಸುಸ್ವಾಮಿ ಕೆಲಸ ಮುಗಿಸಿ ಬಿಡುವಾದ ಮೇಲೆ ಪ್ರಾರ್ಥನೆಗೆ ಹೋದವರಲ್ಲ. ಬಾಕಿ ಕೆಲಸ ಬಾಕಿ ಇರುವಾಗಲೇ ಎದ್ದು ಹೋದವರು. ವಾಪಸ್ಸೂ ಬರಲಿಲ್ಲ, "ಬೇರೆ ಊರುಗಳಿಗೆ ಹೋಗೋಣ" ಅಂದರು. ನರ್ಸ್ ಆಗಿ ನನಗೆ ಇದು ಸ್ವಲ್ಪ ಕಷ್ಟವೇ ಆಯಿತು. ಕ್ಯೂ ಬಿಟ್ಟು ಹೋದರೆ ನಮಗೆ ಮೆಮೋ ಕೊಡುತ್ತಿದ್ದರು. ಆದರೆ ಒಂದು ವಿಷಯ ತಲೆಗೆ ಹೋಯಿತು. "ಸ್ವಲ್ಪ ಬಿಡುವಾಗಲಿ, ಆಮೇಲೆ" ಅಂತ ನಾನು ಕಾಯುತ್ತಿದ್ದೆನಲ್ಲ, ಆ ಬಿಡುವು ಅನ್ನುವುದು ಬರುವುದೇ ಇಲ್ಲ. ಮಕ್ಕಳು ದೊಡ್ಡವರಾಗಲಿ ಅಂದೆ. ಆದರು. ಮಗಳ ಮದುವೆ ಆಗಲಿ ಅಂದೆ. ಆಯಿತು. ರಿಟೈರ್ ಆಗಲಿ ಅಂದೆ. ಈಗ ರಿಟೈರ್ ಆಗಿದ್ದೇನೆ, ಮೊಮ್ಮಗನನ್ನು ಶಾಲೆಗೆ ಬಿಡುವುದು ಕರೆತರುವುದು ನನ್ನದೇ ಡ್ಯೂಟಿ.

ಇಲ್ಲಿ ನನ್ನ ಅಜ್ಜಿಯ ಮಾತು ಹೇಳಬೇಕು. ನಮ್ಮದು ಬೆಟಗೇರಿ. ಅಜ್ಜನ ಮನೆಯಲ್ಲಿ ಎರಡು ಮಗ್ಗ ಇದ್ದವು. ಮುಂಜಾನೆಯಿಂದ ಲಾಳಿ ಓಡುವ ಸದ್ದು, ಟಕ್ ಟಕ್ ಟಕ್. ಅಜ್ಜಿ ರಾಟೆ ಮುಂದೆ ಕೂತು ಕಂಡಿಕೆ ಸುತ್ತುವವಳು. ಮನೆ ತುಂಬ ಜನ. ಪಡಸಾಲೆಯಲ್ಲಿ ಮಗ್ಗ, ನಡುಮನೆಯಲ್ಲಿ ನಾವು ಹುಡುಗರು, ಅಡಿಗೆಮನೆಯಲ್ಲಿ ಚಿಕ್ಕಮ್ಮಂದಿರು. ಇವೆಲ್ಲದರ ಹಿಂದೆ ಒಂದು ಕತ್ತಲೆ ಕೋಣೆ. ಜೋಳದ ಚೀಲ, ಒಣ ಮೆಣಸಿನಕಾಯಿ, ಬೆಲ್ಲದ ಪೆಂಟೆ, ಹಳೇ ಟ್ರಂಕು. ಕಿಟಕಿ ಇಲ್ಲ. ಬಾಗಿಲು ಮಾತ್ರ ಗಟ್ಟಿ, ಇಲಿ ಬರಬಾರದಲ್ಲ.

ದಿನಾ ಮಧ್ಯಾಹ್ನ ಊಟ ಆದಮೇಲೆ ಅಜ್ಜಿ ಮೊರ ಹಿಡಿದುಕೊಂಡು "ಜ್ವಾಳಾ ತರ್ತೇನಿ" ಅಂತ ಆ ಕೋಣೆಗೆ ಹೋಗುತ್ತಿದ್ದಳು. ಜೋಳ ತರಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಅಜ್ಜಿಗೆ ಕಾಲು ಗಂಟೆ. ನನಗೆ ಆಗ ಏಳೋ ಎಂಟೋ ವರ್ಷ. ಒಳಗೆ ಬೆಲ್ಲ ತಿನ್ನುತ್ತಾಳೆ ಅಂತ ನನಗೆ ಅನುಮಾನ. ಒಂದು ದಿನ ಸದ್ದಿಲ್ಲದೆ ಬಾಗಿಲು ತಳ್ಳಿದೆ. ಅಜ್ಜಿ ಜೋಳದ ಚೀಲದ ಮೇಲೆ ಕೂತಿದ್ದಳು. ತಲೆ ಮೇಲೆ ಸೆರಗು, ತೊಡೆ ಮೇಲೆ ಖಾಲಿ ಮೊರ. ತುಟಿ ಅಲ್ಲಾಡುತ್ತಿರಲಿಲ್ಲ, ಕಣ್ಣು ಮುಚ್ಚಿತ್ತು.

"ಏನ್ ಮಾಡಾಕತ್ತೀ ಅಜ್ಜೀ?"

"ಜ್ವಾಳಾ ತಗೊಳ್ಳಾಕ ಬಂದೇನಿ."

"ಇಷ್ಟೊತ್ತೇನ?"

"ಕತ್ತಲಿ ಐತೆವ್ವಾ, ಹುಡುಕಾಕ ಹೊತ್ತಾಗತೈತಿ. ಬಾಗಲಾ ಹಾಕು."

ಅಷ್ಟೇ. ಎಷ್ಟೋ ವರ್ಷದ ಮೇಲೆ ಒಬ್ಬ ಪಾದ್ರಿ ಅಯ್ಯನವರು ಬೈಬಲ್ ತರಗತಿಯಲ್ಲಿ ಮತ್ತಾಯ 6ನೇ ಅಧ್ಯಾಯ ಪಾಠ ಮಾಡುತ್ತಿದ್ದರು. ಪ್ರಾರ್ಥನೆ ಮಾಡುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಅನ್ನುತ್ತಾರಲ್ಲ ಯೇಸುಸ್ವಾಮಿ, ಆ ಕೋಣೆಗೆ ಮೂಲ ಗ್ರೀಕ್‌ನಲ್ಲಿ ಇರುವ ಪದ 'ತಮೇಯೊನ್' ಅಂತೆ. ಉಗ್ರಾಣ. ಕಾಳುಕಡಿ ಇಡುವ ಕೋಣೆ. ಲೂಕನ ಸುವಾರ್ತೆಯಲ್ಲಿ ಕಾಗೆಗಳ ಮಾತು ಬರುತ್ತದೆ, ಅವಕ್ಕೆ ಉಗ್ರಾಣವೂ ಇಲ್ಲ ಕಣಜವೂ ಇಲ್ಲ ಅಂತ. ಅಲ್ಲಿರುವುದೂ ಇದೇ ಪದ. ಆ ಕಾಲದ ಗಲಿಲಾಯದ ಬಡವರ ಮನೆಯಲ್ಲಿ ನಮ್ಮ ಹಾಗೆ ಬೆಡ್‌ರೂಮು, ಹಾಲು ಅಂತ ಎಲ್ಲಿತ್ತು? ಎಲ್ಲರೂ ಒಂದೇ ಕಡೆ ಉಂಡು ಮಲಗುವವರು. ಒಳಗಿನಿಂದ ಮುಚ್ಚಿಕೊಳ್ಳುವಂಥ ಜಾಗ ಇದ್ದರೆ ಅದು ಉಗ್ರಾಣವೇ. ಅಯ್ಯನವರು ಇದನ್ನು ಹೇಳುವಾಗ ನನ್ನ ಮೂಗಿಗೆ ಒಣ ಮೆಣಸಿನಕಾಯಿ ವಾಸನೆ ಬಂತು, ನಿಜವಾಗಿ. ಅಜ್ಜಿಗೆ ಗ್ರೀಕ್ ಗೊತ್ತಿರಲಿಲ್ಲ. ಸತ್ಯವೇದವನ್ನೇ, ಅಂದರೆ ಬೈಬಲ್ಲನ್ನೇ, ಬೆರಳಿಟ್ಟು ಒಂದೊಂದಕ್ಷರ ಕೂಡಿಸಿ ಓದುತ್ತಿದ್ದಳು.

ಅಜ್ಜಿ ಏನು ಮಾಡಿದ್ದಳು ಅಂದರೆ, ದಿನಾ ಹೇಗಿದ್ದರೂ ಮಾಡಲೇಬೇಕಾದ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಗಂಟು ಹಾಕಿದ್ದಳು. ಜೋಳ ತರದೆ ರೊಟ್ಟಿ ಆಗುವುದಿಲ್ಲ. ಹಾಗಾಗಿ ಪ್ರಾರ್ಥನೆಯೂ ತಪ್ಪುತ್ತಿರಲಿಲ್ಲ. "ನಾನು ಪ್ರಾರ್ಥನೆಗೆ ಹೋಗುತ್ತಿದ್ದೇನೆ, ಯಾರೂ ಮಾತಾಡಿಸಬೇಡಿ" ಅಂತ ಮನೆಯವರಿಗೆ ಹೇಳಬೇಕಾದ ಪ್ರಮೇಯವೂ ಇಲ್ಲ. ನಮ್ಮಲ್ಲಿ ಕೆಲವರ ಪ್ರಾರ್ಥನೆ ಹೇಗಿರುತ್ತದೆ ಅಂದರೆ, ಮಾಡುವವರಿಗಿಂತ ಪಕ್ಕದ ಮನೆಯವರಿಗೆ ಜಾಸ್ತಿ ಗೊತ್ತಿರುತ್ತದೆ.

ಇದನ್ನು ನೋಡಿ ಬೆಳೆದ ನಾನು ಕಲಿತೆನಾ? ಇಲ್ಲ. ನಾನು ಬೇರೆ ದಾರಿ ಹಿಡಿದೆ. "ಕೆಲಸವೇ ಪ್ರಾರ್ಥನೆ" ಅಂದುಕೊಂಡೆ. ಕಾಯಕವೇ ಕೈಲಾಸ ಅನ್ನುವ ನಾಡಿನಲ್ಲಿ ಹುಟ್ಟಿದವರಿಗೆ ಹಾಗೆ ಅನ್ನುವುದು ಬಹಳ ಸುಲಭ. ರೋಗಿಯ ಸೇವೆ ಮಾಡುತ್ತಿದ್ದೇನಲ್ಲ, ಅದೇ ದೇವರ ಸೇವೆ, ಬೇರೆ ಪ್ರಾರ್ಥನೆ ಯಾಕೆ? ಏಳು ವರ್ಷ ಹೀಗೇ ಕಳೆದೆ. ಏಳನೇ ವರ್ಷದ ಹೊತ್ತಿಗೆ ರೋಗಿಗಳ ಮೇಲೆ ರೇಗುವುದು ಶುರುವಾಗಿತ್ತು. ಬೆಲ್ ಒತ್ತಿದರೆ ಸಿಟ್ಟು. ಸೇವೆ ಇತ್ತು, ದೇವರು ಇರಲಿಲ್ಲ.

ಇಂಥ ಕಡೆ ಬ್ರದರ್ ಲಾರೆನ್ಸ್ ಅವರ ಹೆಸರು ಹೇಳುವವರಿದ್ದಾರೆ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಅಡಿಗೆಯವರಾಗಿದ್ದವರು, 1691ರಲ್ಲಿ ತೀರಿಕೊಂಡರು. ಪಾತ್ರೆ ತೊಳೆಯುವಾಗಲೂ ದೇವರ ಜೊತೆ ಇರಬಹುದು ಅಂದವರು. ನಿಜ, ದೊಡ್ಡ ಮಾತು. ಅವರಿಗೆ ಅಡಿಗೆ ಕೆಲಸವೆಂದರೆ ಸ್ವಭಾವದಿಂದಲೇ ಆಗುತ್ತಿರಲಿಲ್ಲ ಅನ್ನುವುದನ್ನೂ ನೆನಪಿಡಿ, ನಮ್ಮ ಹಾಗೇ. ಆದರೆ ಅವರಿದ್ದದ್ದು ಮಠ. ದಿನಕ್ಕೆ ಎಷ್ಟೋ ಸಲ ಪ್ರಾರ್ಥನೆಯ ಗಂಟೆ ಹೊಡೆಯುವ ಜಾಗ. ಆ ಗಂಟೆಯನ್ನು ಬಿಟ್ಟು ಬರೀ ಪಾತ್ರೆಯನ್ನು ನಾವು ತೆಗೆದುಕೊಂಡರೆ ಉಳಿಯುವುದು ಪಾತ್ರೆಯೇ.

ನನ್ನ ಗಂಟೆ ಸಿಕ್ಕಿದ್ದು ನಲ್ಲಿಯ ಹತ್ತಿರ. ಇದು ಸ್ವಲ್ಪ ತಮಾಷೆಯ ಕತೆ. ನಮ್ಮ ಆಸ್ಪತ್ರೆಯಲ್ಲಿ ಕೈ ತೊಳೆಯುವ ಪೋಸ್ಟರ್ ಅಂಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಕ್ರಮ. ಸೋಪು ನೀರಲ್ಲಿ 40ರಿಂದ 60 ಸೆಕೆಂಡು. ಮೊದಲು ಅಂಗೈಗೆ ಅಂಗೈ, ಆಮೇಲೆ ಕೈ ಹಿಂಭಾಗ, ಬೆರಳ ಸಂದಿ, ಬೆರಳ ಬೆನ್ನು, ಹೆಬ್ಬೆರಳು, ಕೊನೆಗೆ ಉಗುರಿನ ತುದಿ. 60 ಸೆಕೆಂಡು ಎಷ್ಟು ಉದ್ದ ಅಂತ ನಲ್ಲಿ ಮುಂದೆ ನಿಂತವರಿಗೇ ಗೊತ್ತು! ತರಬೇತಿಗೆ ಬಂದವರು, ಹೊತ್ತು ಲೆಕ್ಕಕ್ಕೆ ಯಾವುದಾದರೂ ಹಾಡು ಹೇಳಿಕೊಳ್ಳಿ ಅಂದರು. ನನಗೆ ಬಾಯಿಗೆ ಬಂದದ್ದು ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆ. ನಿಧಾನವಾಗಿ ಹೇಳಿದರೆ ಸರಿಯಾಗಿ ಮುಕ್ಕಾಲು ನಿಮಿಷ.

ಭಕ್ತಿಯಿಂದ ಶುರುಮಾಡಿದ್ದಲ್ಲ, ಗಡಿಯಾರದ ಬದಲಿಗೆ. ಒಂದು ವಾರ ಬರೀ ಲೆಕ್ಕವೇ. ಆಮೇಲೆ ಒಂದು ದಿನ ನಮ್ಮ ವಾರ್ಡಿನ ಆಯಾ ಜೊತೆ ಜಗಳವಾಯಿತು. ತಪ್ಪು ನನ್ನದೇ, ಆದರೂ ಎಲ್ಲರ ಮುಂದೆ ಆಕೆಗೇ ಬೈದಿದ್ದೆ. ನಲ್ಲಿಗೆ ಬಂದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಶುರುಮಾಡಿದೆ. ಹೆಬ್ಬೆರಳು ತೊಳೆಯುವಾಗ ಅನುದಿನದ ಆಹಾರದ ಸಾಲು. ಉಗುರಿನ ತುದಿಗೆ ಬಂದಾಗ "ನಮ್ಮ ತಪ್ಪುಗಳನ್ನು ಕ್ಷಮಿಸು". ಅಲ್ಲಿ ನಿಂತುಬಿಟ್ಟೆ. ಮುಂದಕ್ಕೆ ಬರಲೇ ಇಲ್ಲ. ನೀರು ಸುರಿಯುತ್ತಿದೆ, ಹಿಂದೆ ನಿಂತ ಹುಡುಗಿ "ಸಿಸ್ಟರ್, ಆಯ್ತೇನ್ರೀ?" ಅನ್ನುತ್ತಿದ್ದಾಳೆ. ಕೈ ಒರೆಸಿಕೊಂಡು ಹೋಗಿ ಆಯಾ ಹತ್ತಿರ ತಪ್ಪಾಯ್ತು ಅಂದೆ. ಆಕೆ "ಇರಲಿ ಬಿಡ್ರಿ ಸಿಸ್ಟರ್, ಚಾ ಕುಡೀರಿ" ಅಂದಳು.

ಒಂದು ಪಾಳಿಯಲ್ಲಿ ನಾವು ಎಷ್ಟು ಸಲ ಕೈ ತೊಳೆಯುತ್ತೇವೆ ಅನ್ನುವುದಕ್ಕೆ ಲೆಕ್ಕವಿಲ್ಲ. ಅಷ್ಟೂ ಸಲ ಮನಸ್ಸಿಟ್ಟು ಹೇಳಿದೆ ಅಂದರೆ ಸುಳ್ಳಾಗುತ್ತದೆ. ಹತ್ತರಲ್ಲಿ ಒಂದು ಸಲ ಮನಸ್ಸು ಅಲ್ಲಿರುತ್ತಿತ್ತು. ಆ ಒಂದು ಸಲ ಸಿಗಲು ಉಳಿದ ಒಂಬತ್ತು ಬೇಕಿತ್ತು ಅನ್ನುವುದು ನನ್ನ ಅನುಭವ.

ನೈಟ್ ಡ್ಯೂಟಿಯವರಿಗೆ ಸತ್ಯವೇದದ ಒಂದು ಕೀರ್ತನೆ ಹೇಳುತ್ತೇನೆ, ಬರೆದುಕೊಳ್ಳಿ. 134. ಮೂರೇ ವಚನ. ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡುವವರಿಗಾಗಿ ಇರುವ ಹಾಡು ಅದು. ನೋಡಿ, ಆ ಕಾಲದಲ್ಲೂ ನೈಟ್ ಡ್ಯೂಟಿ ಇತ್ತು! ಕೈ ಎತ್ತಿ ದೇವರನ್ನು ಕೊಂಡಾಡಿ ಅನ್ನುತ್ತದೆ. ನಾನು ಅದನ್ನು ರಿಪೋರ್ಟ್ ಬುಕ್ಕಿನ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದೆ. ರಾತ್ರಿ ಎರಡಕ್ಕೆ ವಾರ್ಡ್ ಸುಮ್ಮನಾದಾಗ ಓದುವುದು. ಯುವಕರು ಇಲ್ಲಿ ತುಂಬ ಜನ ಇದ್ದೀರಿ, ಕಾಲ್ ಸೆಂಟರು, ಸೆಕ್ಯುರಿಟಿ, ಪೆಟ್ರೋಲ್ ಬಂಕು. ನಿಮ್ಮ 'ಮುಂಜಾನೆ' ರಾತ್ರಿ ಎರಡಕ್ಕಿದ್ದರೆ ಅದೇ ನಿಮ್ಮ ಮುಂಜಾನೆ. ಯಾರ ಪ್ರಸಂಗಕ್ಕೂ ಹೆದರಬೇಡಿ.

ಮೊಬೈಲ್ ಬಗ್ಗೆ ಹೇಳದಿದ್ದರೆ ಅಯ್ಯನವರು ಬಿಡುವುದಿಲ್ಲ. ನನ್ನದೇ ಕತೆ ಹೇಳುತ್ತೇನೆ. ಕಳೆದ ವರ್ಷ ಮಗ ಫೋನಿಗೆ ಸತ್ಯವೇದದ ಆಪ್ ಹಾಕಿಕೊಟ್ಟ. ಅಕ್ಷರ ದೊಡ್ಡದು ಮಾಡಬಹುದು, ಕಣ್ಣಿಗೆ ಹಿತ. ಮುಂಜಾನೆ ಆರು ಗಂಟೆಗೆ ಕೀರ್ತನೆ ಓದೋಣ ಅಂತ ತೆರೆದೆ. ಮೇಲೆ ಒಂದು ಮೆಸೇಜ್ ಬಂತು. ಮುಟ್ಟಿದೆ. ಆರು ಮುಕ್ಕಾಲಿಗೆ ನನಗೆ ನಮ್ಮ ಓಣಿಯ ಯಾರ ಮನೆಯಲ್ಲಿ ಅರಿಶಿನ ಶಾಸ್ತ್ರ, ಯಾರು ಯಾವ ಸೀರೆ ಉಟ್ಟಿದ್ದರು, ಎಲ್ಲ ಗೊತ್ತಾಗಿತ್ತು. ಕೀರ್ತನೆ ಮಾತ್ರ ಎರಡನೇ ವಚನದಲ್ಲೇ ಇತ್ತು. ಈಗ ಹಳೇ ಪುಸ್ತಕವೇ. ಫೋನು ಅಡಿಗೆಮನೆಯ ಫ್ರಿಜ್ ಮೇಲೆ. ಗುಲಾಬಿ ಹೂವಿನ ಚಿತ್ರದ ಮೇಲೆ ವಚನ ಬರೆದದ್ದನ್ನು ಮುಂಜಾನೆ ನಲವತ್ತು ಜನಕ್ಕೆ ಕಳಿಸುತ್ತೀರಲ್ಲ, ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಕಳಿಸುವ ಮುಂಚೆ ಒಂದು ಸಲ ಓದಿ.

ಮಾರ್ಥ ಮತ್ತು ಮರಿಯಳ ಕತೆ ಹೇಳದೆ ಈ ವಿಷಯ ಮುಗಿಯುವುದಿಲ್ಲ, ಅಲ್ವಾ? ಯೇಸುಸ್ವಾಮಿ ಮನೆಗೆ ಬಂದಾಗ ಮರಿಯಳು ಪಾದದ ಹತ್ತಿರ ಕೂತು ಕೇಳಿದಳು, ಮಾರ್ಥಳು ಒಬ್ಬಳೇ ಕೆಲಸಕ್ಕೆ ಒದ್ದಾಡಿದಳು; ಯೇಸುಸ್ವಾಮಿ ಮರಿಯಳನ್ನು ಮೆಚ್ಚಿದರು. ನಾನು ಈ ಕತೆಯ ಪ್ರಸಂಗ ಕೇಳಿದಾಗೆಲ್ಲ ಮಾರ್ಥಳ ಪರ ನಿಲ್ಲುತ್ತಿದ್ದೆ. ಗಂಡಸರು ಎದ್ದು ನಿಂತು "ಮರಿಯಳ ಹಾಗೆ ಇರಿ" ಅನ್ನುತ್ತಾರೆ, ಪ್ರಸಂಗ ಮುಗಿಸಿ ಮನೆಗೆ ಹೋಗಿ "ಊಟ ಆಯ್ತೇನು?" ಅನ್ನುತ್ತಾರೆ. ಆದರೆ ಲೂಕ 10 ಓದಿದವರು ಯೋಹಾನ 12ನ್ನೂ ಓದಬೇಕು. ಅದೇ ಅಕ್ಕತಂಗಿಯರ ಊರು ಬೇಥಾನ್ಯ, ಮತ್ತೆ ಊಟ. ಅಲ್ಲಿ ಎರಡೇ ಪದ: ಮಾರ್ಥಳು ಬಡಿಸುತ್ತಿದ್ದಳು. ಈ ಸಲ ಯಾರೂ ಏನೂ ಅನ್ನುವುದಿಲ್ಲ. ಯೇಸುಸ್ವಾಮಿ ಆಕೆಗೆ ಸೌಟು ಕೆಳಗಿಡು ಅಂದಿರಲೇ ಇಲ್ಲ. ಹತ್ತು ಕಡೆ ಚಿಂತೆ ಹಚ್ಚಿಕೊಂಡಿದ್ದಕ್ಕೆ ಅಂದದ್ದು. ಆ ಎರಡು ಊಟದ ನಡುವೆ, ತಮ್ಮ ಲಾಜರ ಸತ್ತಾಗ, "ನೀನೇ ಕ್ರಿಸ್ತನು, ದೇವಕುಮಾರನು" ಅಂತ ಬಾಯಿಬಿಟ್ಟು ಹೇಳಿದವಳೂ ಮಾರ್ಥಳೇ. ಅಡಿಗೆಮನೆಯಿಂದ ಬಂದ ಸಾಕ್ಷಿ ಅದು.

ಇದನ್ನು ಸಭೆಯ ಕಮಿಟಿಯವರಿಗೂ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಸುಗ್ಗಿ ಹಬ್ಬದ ಲೆಕ್ಕ, ಕ್ರಿಸ್ಮಸ್ ಕೇಕಿನ ಆರ್ಡರ್, ಗಾಯನ ತಂಡದ ಜಗಳ. ದೇವಾಲಯದ ಕೆಲಸದಲ್ಲಿ ಓಡಾಡಿ ಓಡಾಡಿ ದೇವರ ಹತ್ತಿರ ಹೋಗದೇ ಇರುವುದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ. ನಾನೂ ಆರು ವರ್ಷ ಕಮಿಟಿಯಲ್ಲಿದ್ದೆ.

ಪ್ರಾರ್ಥನೆಗೆ ಕೂತರೆ ಏನೂ ಅನಿಸುವುದಿಲ್ಲ, ಬರೀ ಬೇಜಾರು ಅಂತ ಹುಡುಗಿಯೊಬ್ಬಳು ಚೀಟಿ ಬರೆದಿದ್ದಾಳೆ. ನನಗೂ ಹಾಗೇ ಆಗುತ್ತದಮ್ಮ. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ, ಮನ್ನದ ಕತೆ ನೆನಪಿದೆಯಲ್ಲ? ದಿನದ್ದು ದಿನ ಆರಿಸಿಕೊಳ್ಳಬೇಕು, ನಾಳೆಗೆ ಅಂತ ಇಟ್ಟರೆ ಹುಳ. ನಿನ್ನೆಯ ಸಿಹಿಯನ್ನು ಇವತ್ತು ಹುಡುಕಬೇಡ. ಹತ್ತು ನಿಮಿಷ ಕೂತು ಎದ್ದು ಬಾ.

ಕೊನೆಗೆ ಒಂದು ಮಾತು, ಊಟದ ವಾಸನೆ ಬರುತ್ತಿದೆ, ಗೊತ್ತು. ನಮ್ಮ ಕಡೆಗೆ ಸುವಾರ್ತೆ ತಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಮನೆಮನೆಯಲ್ಲಿ ಕೂತು ಸತ್ಯವೇದ ಓದಿ ಪ್ರಾರ್ಥನೆ ಮಾಡುವ, ಪಯಟಿಸಂ ಅನ್ನುವ ಕ್ರೈಸ್ತ ಭಕ್ತಿ ಪಂಥದಿಂದ ಬಂದವರು ಅವರು. ಅವರಿಗಿಂತ ನೂರು ವರ್ಷ ಹಿಂದೆ ಜರ್ಮನಿಯ ಹೆರ್ನ್‌ಹುಟ್ ಅನ್ನುವ ಸಣ್ಣ ಊರಲ್ಲಿ ಇದೇ ಥರದ ಭಕ್ತಿಯವರು ಒಂದು ಕೆಲಸ ಮಾಡಿದರು. 1727ರಲ್ಲಿ 24 ಗಂಡಸರು, 24 ಹೆಂಗಸರು ಪಾಳಿ ಹಾಕಿಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಗಂಟೆ ಪ್ರಾರ್ಥನೆ, ಹಗಲೂ ರಾತ್ರಿ. ಆ ಪಾಳಿ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ನನ್ನಂಥ ಪಾಳಿ ಕೆಲಸದವಳಿಗೆ ಇದನ್ನು ಕೇಳಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಇದೇ ಮಾತನ್ನು ಹೋದ ವರ್ಷ ನಮ್ಮ ಓಣಿಯ ಪ್ರಾರ್ಥನಾ ಕೂಟದಲ್ಲಿ ಹೇಳಿದ್ದೆ. ಒಬ್ಬ ತಾಯಿ ಎದ್ದು ನಿಂತರು. "ಅಕ್ಕಾರ, ನಮ್ಮ ಅತ್ತಿ ಲಕ್ವಾ ಹೊಡದು ಹಾಸಿಗಿ ಹಿಡದಾರ. ಐದು ನಿಮಿಷ ಬಿಟ್ಟು ಹೋದ್ರ ಕೂಗ್ತಾರ. ಉಗ್ರಾಣಕ್ಕ ಹೋಗೋದು ದೂರ ಉಳೀತು, ಬಚ್ಚಲಕ್ಕ ಹೋದ್ರೂ ಬಾಗಲಾ ಹಾಕೂ ಹಂಗಿಲ್ಲ. ನಾನೇನ್ ಮಾಡ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಯಿ ಮಾತಿನ ಉತ್ತರ ಆಕೆಗೆ ಬೇಕೂ ಇರಲಿಲ್ಲ. ಬುಧವಾರ ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ಹಾಸಿಗೆ ಹಿಡಿದವರ ಹತ್ತಿರ ಕೂರುವುದು ನನಗೆ ಹೊಸದಲ್ಲವಲ್ಲ. ಅಜ್ಜಿಯನ್ನು ಮಗ್ಗುಲಾಗಿಸಿದೆ, ಬೆನ್ನಿಗೆ ಪೌಡರ್ ಹಾಕಿದೆ. ಸೊಸೆ ಸತ್ಯವೇದ ಹಿಡಿದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಐದು ನಿಮಿಷಕ್ಕೆ ಒಳಗಿಂದ ಗೊರಕೆ ಕೇಳಿಸಿತು.

ನಾನು ಎಬ್ಬಿಸಲಿಲ್ಲ. ಪ್ರವಾದಿ ಎಲೀಯನಿಗೂ ಹಾಗೇ ಆಗಿತ್ತು. ಸಾಕಾಗಿದೆ, ಸಾಯಿಸಿಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತನು ಬೈಯಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಒಂದು ಗಂಟೆ ಆದಮೇಲೆ ಆ ತಾಯಿ ಕಣ್ಣುಜ್ಜುತ್ತಾ ಹೊರಗೆ ಬಂದು "ಅಯ್ಯೋ ಅಕ್ಕಾರ, ಪ್ರಾರ್ಥನೆ ಮಾಡಲೇ ಇಲ್ಲ" ಅಂತ ಅಳುವುದಕ್ಕೇ ಶುರುಮಾಡಿದರು. ಮುಂದಿನ ಬುಧವಾರ ಮತ್ತೆ ಬರುತ್ತೇನೆ ಅಂದೆ. ಮೂರನೇ ಬುಧವಾರ ಗೊರಕೆ ಕೇಳಿಸಲಿಲ್ಲ.

ಈಗ ಅವರ ಮನೆಗೆ ನಾವು ನಾಲ್ಕು ಜನ ಪಾಳಿ ಹಾಕಿಕೊಂಡಿದ್ದೇವೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ತುಂಬಿದೆ. ಶುಕ್ರವಾರ ಮಧ್ಯಾಹ್ನ ಎರಡರಿಂದ ಮೂರು ಖಾಲಿ ಇದೆ. ನಾನು ಊಟದ ಸಾಲಿನ ಕೊನೆಯಲ್ಲಿ ನಿಂತಿರುತ್ತೇನೆ, ಬರುವವರಿದ್ದರೆ ಹೆಸರು ಬರೆಸಿ.